ಡಾಕ್ಟರು ಹೇಳದ ಮಾತು

ಸರಸು, ನಿನ್ನ ಅಪ್ಪನನ್ನು ಕಾಯಿಲೆಯವರನ್ನಾಗಿ ಮಾಡಿದವಳು ನಾನು. ಡಾಕ್ಟರು ಅವರಿಗೆ ನಡೆಯಬೇಡಿ ಎಂದು ಹೇಳಿರಲೇ ಇಲ್ಲ — ಆ ಮಾತು ನನ್ನದು.

ಜಯನಗರದಲ್ಲಿ ನಾವು ಹೊಸದಾಗಿ ಮನೆ ಕಟ್ಟಿಕೊಂಡ ಕಾಲ. ಎದುರಿಗೊಂದು ಮನೆ ಬಿಟ್ಟರೆ ಸುತ್ತ ಸೈಟುಗಳೆಲ್ಲ ಇನ್ನೂ ಖಾಲಿ. ಮಾವನವರಿಗೆ ಎಪ್ಪತ್ತು ದಾಟಿತ್ತು. ಆದರೂ ಶನಿವಾರ ಬಂತೆಂದರೆ ಸ್ನಾನ, ಸಂಧ್ಯಾವಂದನೆ ಮುಗಿಸಿ, ಹಿತ್ತಲ ಕರಿಬೇವು ಚೀಲಕ್ಕೆ ತುಂಬಿಕೊಂಡು ಬಸವನಗುಡಿಯ ನಿನ್ನ ಮನೆಗೆ ನಡೆದೇ ಹೊರಡುತ್ತಿದ್ದರು. ಯಾರಾದರೂ ಆರೋಗ್ಯ ವಿಚಾರಿಸಿದರೆ, "ನಂಗೇನಾಗಿದೆ? ಗುಂಡುಕಲ್ಲು ಇದ್ದ ಹಾಗಿದೀನಿ!" ಎನ್ನುತ್ತಿದ್ದರು.

ನನಗೆ ಅದೇ ಉರಿ. ಮೂರು ಹೊತ್ತು ಬೇಯಿಸಿ ಹಾಕುವವಳು ನಾನು, ಅಲ್ಲಿಂದ ಬಂದ ಮೇಲೆ ಹೊಗಳಿಕೆಯೆಲ್ಲ ನಿನ್ನ ಗೊಜ್ಜಿಗೆ! ಎದುರುಮನೆಯಾಕೆ ಒಂದು ದಿನ, "ನಿಮ್ಮ ಮಾವನಿಗೆ ಮಗಳ ಮನೆ ಊಟಾನೇ ಮೈಗೆ ಹತ್ತತ್ತೆ ಅಂತ ಕಾಣತ್ತೆ" ಎಂದು ನಕ್ಕಳು.

ಅದೇ ವಾರ ಅವರಿಗೆ ಸ್ವಲ್ಪ ತಲೆಸುತ್ತು ಬಂತು. ನಿನ್ನ ಅಣ್ಣ ಆಫೀಸಿಗೆ ಹೋಗಿದ್ದರಿಂದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ನಿನಗೆ ಗೊತ್ತಲ್ಲ — ನಮ್ಮಲ್ಲಿ ಹಿರಿಯರ ಕಾಯಿಲೆಯ ವಿಷಯ ಡಾಕ್ಟರು ಅವರ ಎದುರು ಆಡುವುದಿಲ್ಲ, ಮನೆಯವರಿಗೆ ಹೇಳುತ್ತಾರೆ. ಪರೀಕ್ಷೆ ಮುಗಿಯುತ್ತಲೇ ಮಾವನವರು ತಾವಾಗಿಯೇ ಎದ್ದು ಹೊರಗಿನ ಬೆಂಚಿನಲ್ಲಿ ಕೂತರು. ಡಾಕ್ಟರು ಹೇಳಿದ್ದು ನನ್ನೊಬ್ಬಳಿಗೆ: "ಏನೂ ಇಲ್ಲಮ್ಮ. ನಡೀತಾರಲ್ಲ, ಅದೇ ಅವರಿಗೆ ಔಷಧಿ. ನಿಲ್ಲಿಸ್ಬೇಡಿ."

ಹೊರಗೆ ಬಂದೆ. "ಏನಂದ್ರಮ್ಮ?" ಎಂದು ಕೇಳಿದರು.

"ಎದೇಲಿ ಬಲ ಇಲ್ವಂತೆ ಮಾವ. ಅಷ್ಟು ದೂರ ನಡೀಲೇಬಾರದಂತೆ. ಜಟಕಾ ಕುಲುಕಾಟಾನೂ ಆಗದಂತೆ."

ಒಂದೆರಡು ವಾರ ಮನೆಯಲ್ಲಿರಲಿ ಎಂದಷ್ಟೇ — ಇಲ್ಲ, ಅದೂ ಸುಳ್ಳು. ನಿನ್ನ ಮನೆಗೆ ಹೋಗುವುದು ನಿಲ್ಲಲಿ ಎಂದೇ ಹೇಳಿದ್ದು. ನಿನ್ನ ಅಣ್ಣನಿಗೂ ಅದನ್ನೇ ಹೇಳಿದೆ. ನೀನೋ, ಅತ್ತೆಯ ಅಪ್ಪಣೆ ಸಿಕ್ಕಿ ಕೈಗೂಸನ್ನೆತ್ತಿಕೊಂಡು ಬರುತ್ತಿದ್ದುದೇ ಹಬ್ಬಕ್ಕೊಮ್ಮೆ. ಬಂದಾಗ ನೀನೂ ಅಳುತ್ತ, "ಅಪ್ಪಾ, ನನ್ನಾಣೆ, ನಡೀಬೇಡಿ" ಎಂದೆ. ಒಳಗೆ ಕಾಫಿ ಸೋಸುತ್ತಿದ್ದ ನನಗೆ ಕೇಳಿಸಿತು. ಕಾಫಿ ತಂದು ನಿಮ್ಮಿಬ್ಬರಿಗೂ ಕೊಟ್ಟೆ.

ಆಮೇಲೆ ಅವರು ಗೇಟಿನವರೆಗೆ ಹೋಗುವುದಕ್ಕೂ ಎದೆ ಮುಟ್ಟಿ ನೋಡಿಕೊಳ್ಳತೊಡಗಿದರು. ಊಟ ಕಮ್ಮಿಯಾಯಿತು, ಕಾಲು ಸೋತಿತು. ಯಾರಾದರೂ "ಹೇಗಿದೀರಿ ರಾಯರೇ?" ಎಂದರೆ ನನ್ನ ಕಡೆ ಕೈ ತೋರಿಸುತ್ತಿದ್ದರು: "ನನ್ನ ಸೊಸೇನ ಕೇಳಿ. ಅವಳಿಗೆ ಗೊತ್ತು." ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತ್ತು — ಹೇಳಿದ್ದರೆ ಎದ್ದು ಹೊರಟುಬಿಡುತ್ತಿದ್ದರೋ ಏನೋ... ಮರ್ಯಾದೆ ಹೋಗುತ್ತದೆಂದು ನುಂಗಿಕೊಂಡೆ. ಎರಡು ವರ್ಷ ಮಂಚದಲ್ಲೇ ಕಳೆದು ತೀರಿಕೊಂಡರು.

ವೈಕುಂಠ ಸಮಾರಾಧನೆಯ ದಿನ ನೀನು ನನ್ನ ಕೈ ಹಿಡಿದು, "ಅತ್ತಿಗೆ, ನೀವು ಅಷ್ಟು ಜೋಪಾನವಾಗಿ ನೋಡ್ಕೊಂಡಿದ್ದಕ್ಕೇ ಅಪ್ಪ ಇಷ್ಟು ದಿನ ಇದ್ರು" ಎಂದೆ. ಇಷ್ಟು ವರ್ಷವಾದರೂ ನೆಂಟರೆದುರು ಅದನ್ನೇ ಹೇಳುತ್ತೀಯ. ನಾನು ತಲೆ ತಗ್ಗಿಸುತ್ತೇನೆ. ಅವರೆಲ್ಲ ಅದನ್ನು ವಿನಯ ಎಂದುಕೊಳ್ಳುತ್ತಾರೆ.

ಇನ್ನು ಹಾಗೆ ಹೇಳಬೇಡ, ಸರಸು. ಅವರು ಇನ್ನೂ ಎಷ್ಟೋ ಶನಿವಾರ ನಿನ್ನ ಮನೆಗೆ ನಡೆದು ಬರಬಹುದಾಗಿತ್ತು. ನಾನು ಬಿಡಲಿಲ್ಲ.