ಕೆಸರಿಗೆ ಬೀಳದ ಇಯರ್‌ಬಡ್

ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನ ಪಕ್ಕ ಮೊಬೈಲ್ ರಿಪೇರಿ ಮಾಡುವ ಮಾದೇಶನಿಗೆ ಮೂಗಿನ ತುದಿಯಲ್ಲೇ ಕೋಪ. ನೀವು ಒಡೆದ ಫೋನು ಮುಂದಿಟ್ಟರೆ ಅವನು ನಿಮ್ಮ ಕಿವಿ ನೋಡುತ್ತಾನೆ. ಕಂಪನಿಯ ಇಯರ್‌ಬಡ್ ಕಂಡರಂತೂ ಅವನಿಗೆ ಮೈಯೆಲ್ಲ ಉರಿ. ‘ಇದನ್ನ ಮಾಡ್ದೋನು ಒಂದಿನ ನಾಟಿ ಮಾಡವ್ನಾ? ಬಗ್ಗಿದ್ರೆ ಕೆಸರಿಗೆ ಬೀಳ್ತದೆ ಕಣ್ರೀ!’ ಎಂದು ಮೇಜು ಗುದ್ದುತ್ತಾನೆ. ಬಗ್ಗಿದರೂ ಬೀಳದ್ದನ್ನು ತಾನೇ ಮಾಡುತ್ತೇನೆಂದು ಹೊರಟವನು, ಮೊದಲು ಕೇರಿಯವರ ಕಿವಿಗೆಲ್ಲ ಆರಿದ ರಾಗಿಮುದ್ದೆ ಒತ್ತಿ ಅಚ್ಚು ತೆಗೆದ. ಅಚ್ಚು ಒಣಗಿ ಬಿರುಕು ಬಿಟ್ಟಿತು, ಉಳಿದದ್ದಕ್ಕೆ ಇರುವೆ ಮುತ್ತಿದವು, ಇರುವೆಗಳಿಗೂ ಬೈದ. ಈಗ ನಾಲೆಯ ಜೇಡಿಮಣ್ಣಿನಲ್ಲಿ ಅಚ್ಚು ತೆಗೆದು, ಅದರಂತೆ ಪ್ಲಾಸ್ಟಿಕ್ ಕವಚ ಮಾಡಿ, ಹಳೆಯ ಇಯರ್‌ಬಡ್‌ಗಳ ಸ್ಪೀಕರು, ಬ್ಯಾಟರಿಗಳನ್ನು ಅದರೊಳಗೆ ಕೂರಿಸುತ್ತಾನೆ. ಅಚ್ಚಿಗೆ ಕಿವಿ ಕೊಡದ ಗಿರಾಕಿಯ ಫೋನು ಮುಟ್ಟುವುದಿಲ್ಲ. ‘ಚೆನ್ನಾಗದೆ’ ಎಂದವರ ಮೇಲೆ ಇನ್ನೂ ರೇಗುತ್ತಾನೆ: ‘ನಿಂತ್ಕಂಡು ಹೇಳ್ಬೇಡಿ, ಬಗ್ಗಿ ಹೇಳ್ರೀ!’ ಹೊಸ ಜೊತೆ ಸಿದ್ಧವಾದಾಗಲೆಲ್ಲ ಎಡಗಿವಿಯದನ್ನು ತಾನೇ ಹಾಕಿ ನೋಡುತ್ತಾನೆ. ಬಲಗಿವಿಯದನ್ನು ಮಾತ್ರ ಅಪ್ಪ ಗೋವಿಂದಯ್ಯನ ಕಿವಿಗೇ ಇಡುತ್ತಾನೆ. ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿ ಹಾಳುಮಾಡಿದ್ದಕ್ಕೆ ಆ ಅಪ್ಪ ಬಾರಿಸಿದ ಒಂದೇ ಏಟಿಗೆ ಮಾದೇಶನ ಬಲಗಿವಿ ಕಿವುಡಾಯಿತು. ‘ಚೆನ್ನಾಗಿ ಕೇಳ್ತದೆ ಕಣ್ಲಾ’ ಎಂದು ಗೋವಿಂದಯ್ಯ ನೆಲ ನೋಡುತ್ತಾನೆ. ‘ಚೆನ್ನಾಗಿ ಅಂದ್ರೆ ಎಂಗೆ?’ ಎಂದು ಮಾದೇಶ ಗದರುತ್ತಾನೆ. ‘ಬುಡಿಸಿ ಹೇಳಪ್ಪ. ಆ ಕಿವೀಲಿ ಎಂಗೆ ಕೇಳ್ತದೆ ಅಂತ ನಂಗೂ ಗೊತ್ತಾಗ್ಬೇಕಲ್ಲ!’