ಕನಕಪುರದ ಮುಖ

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಸಮೀವುಲ್ಲಾ ಸಾಹೇಬರ ಪಾಲಿಗೆ ಮನುಷ್ಯರಿಗೆ ಹೆಸರಿಲ್ಲ, ಊರಷ್ಟೇ ಇದೆ. ಗೂಡಿನ ಮಾರುಕಟ್ಟೆಯಲ್ಲಿ ರೈತರನ್ನು ಊರು ಹಿಡಿದು ಕೂಗಿ ಕೂಗಿ ಬಂದ ಅಭ್ಯಾಸ. ಫೋನಿನಲ್ಲೂ ಕೋಡಿಹಳ್ಳಿ, ಕೋಡಿಹಳ್ಳಿ, ಇನ್ನೊಂದು ಕೋಡಿಹಳ್ಳಿ. ಹೊಸ ಫೋನು ಕೊಂಡು ಹಳೆಯ ನಂಬರುಗಳನ್ನು ಸಿಂಕ್ ಮಾಡಿದ್ದೇ ತಡ, ಒಂದೇ ಹೆಸರಿನವರನ್ನೆಲ್ಲ ಅದು ಒಬ್ಬನೇ ಆಸಾಮಿಯನ್ನಾಗಿ ಮಾಡಿಬಿಟ್ಟಿತು. ಅಂದಿನಿಂದ ನನ್ನ ಮೊಬೈಲ್ ಅಂಗಡಿಯ ಸ್ಟೂಲು ಅವರದೇ. "ಪ್ರಕಾಶಣ್ಣ, ಬೈರಾಪಟ್ಟಣಕ್ಕೆ ಮೆಸೇಜ್ ಹಾಕುದ್ರೆ ಇನ್ಯಾರ್ಗೋ ಹೋಯ್ತದಲ್ಲ, ಇದೇನ್ ಮಾಯ?" ಎನ್ನುತ್ತಾರೆ, ನಾನು ವಿವರಿಸಿದಷ್ಟೂ ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿನಿಂದ ಕೇಳುತ್ತಾರೆ. ಕನಕಪುರದ್ದಂತೂ ದೊಡ್ಡ ಫಜೀತಿ. ಅಲ್ಲಿಗೆ ಮದುವೆಯಾಗಿ ಹೋದ ಮಗಳು ಜಾರಾಳ ನಂಬರನ್ನೂ ಈ ಪುಣ್ಯಾತ್ಮರು ಕನಕಪುರವೆಂದೇ ಇಟ್ಟಿದ್ದರು. ಈಗ ಆ ಊರಿನ ಯಾವ ರೈತ ಕರೆ ಮಾಡಿದರೂ ಪರದೆಯ ಮೇಲೆ ನಗುವುದು ಜಾರಾಳ ಫೋಟೊ. ಸಾಹೇಬರು ಹಿಗ್ಗಿ, "ಖಾನಾ ಹುವಾ ಕ್ಯಾ ಬೇಟಾ?" ಎನ್ನುತ್ತಾರೆ, ಆ ಕಡೆಯಿಂದ ಗಡಸು ಗಂಟಲೊಂದು, "ಊಟ ಆಯ್ತು ಸಾಬ್ರೇ, ಗೂಡಿನ ರೇಟ್ ಎಂಗೈತೆ?" ಎನ್ನುತ್ತದೆ. ನಿನ್ನೆ ನನಗೇ ತಲೆಕೆಟ್ಟು, "ಕೊಡಿ ಇತ್ಲಾಗೆ, ಎಲ್ಲಾರ್ನೂ ಬೇರೆ ಬೇರೆ ಮಾಡ್ಬುಡ್ತೀನಿ. ಆಮೇಲೆ ಮಗಳು ಫೋನ್ ಮಾಡ್ದಾಗ ಮಾತ್ರ ಮಗಳ ಮುಖ ಬತ್ತದೆ" ಎಂದೆ. "ಅವಳು ಮಾಡ್ದಾಗ ಮಾತ್ರನಾ?" ಎಂದು ಪೆಚ್ಚಾಗಿ ಕೇಳಿದರು. ನನ್ನ ಕೈಗೆ ಕೊಟ್ಟಿದ್ದ ಫೋನನ್ನು ವಾಪಸ್ ತೆಗೆದುಕೊಂಡು ಜೇಬಿಗಿಟ್ಟರು. "ಒಸಿ ದಿನ ಹಿಂಗೇ ಇರ್ಲಿ ಬುಡಣ್ಣ."