ಜೂಲದ ಫಕ್ಕೀರವ್ವನ ಅಂಗಡಿ ಮುಚ್ಚಿಲ್ಲ

ಫಕ್ಕೀರವ್ವ ಫೋನಿಗೆ ಏಕವಚನದಲ್ಲಿ ಬೈಯುತ್ತಿದ್ದಳು. ಬೆಳಗ್ಗೆ ಶಟರ್ ಎತ್ತಿ, ಮುಂದಿನ ಕಟ್ಟೆಗೆ ನೀರು ಹೊಡೆದು, ಫೋನನ್ನು ಬಾಯಿಗೆ ಹತ್ತಿರ ಹಿಡಿದು ಕೇಳುವಳು: “ಹೋರಿ ಜೂಲ ಎಲ್ಲಿ ಸಿಗತಾವು, ಹೇಳು.” ತನ್ನ ಅಂಗಡಿಯ ಹೆಸರು ಮೊದಲಿಗೆ ಬಂದರೆ ದೇವರ ಫೋಟೋಗೆ ಊದಿನಕಡ್ಡಿ. ಬರದಿದ್ದರೆ ದೇವರೂ ಪಾಳಿಯಲ್ಲಿ ನಿಲ್ಲಬೇಕು. “ಕಣ್ಣಾಗ ಕಸ ಬಿದ್ದೈತೇನ ನಿನಗ? ಹಾನಗಲ್ ಬಸ್ ಸ್ಟ್ಯಾಂಡ್ ಬಾಜೂಕ ಇಷ್ಟ ದೊಡ್ಡಾಕಿ ಕುಂತೇನಿ, ಕಾಣಂಗಿಲ್ಲೇನು?” ಎದುರಿನ ಚಹಾದಂಗಡಿಯವನು ಬೈಗುಳದ ಉದ್ದ ನೋಡಿಯೇ “ಇವತ್ತ ಎರಡನೇ ಪೇಜಿಗೆ ಹೋಗ್ಯಾಳ” ಎಂದು ಗಿರಾಕಿಗಳಿಗೆ ವರದಿ ಒಪ್ಪಿಸುತ್ತಿದ್ದ.

ಜೂಲ ಅಂದರೆ ಹೋರಿಯ ಬೆನ್ನಿಗೆ ಹೊದಿಸುವ ಝರಿ, ಕನ್ನಡಿ, ಗೊಂಡೆಗಳ ಬಟ್ಟೆ. ನಮ್ಮ ಕಡೆ ದೀಪಾವಳಿ ಪಾಡ್ಯದಿಂದ ಹೋರಿ ಹಬ್ಬ ಶುರುವಾದರೆ ಒಂದೂರಾದ ಮೇಲೆ ಇನ್ನೊಂದೂರು ಎಂದು ತಿಂಗಳುಗಟ್ಟಲೆ ನಡೆಯುತ್ತದೆ. ಸಿಂಗಾರ ಮಾಡಿದ ಹೋರಿ ಜನರ ನಡುವೆ ನುಗ್ಗಿ ಓಡುತ್ತದೆ. ಹುಡುಗರು ಅದರ ಕೊರಳಿನ ಕೊಬ್ಬರಿ ಹಾರ ಹರಿಯಲು ಮೈಮೇಲೆ ಬೀಳುತ್ತಾರೆ. ಹಾರ ಕೊಡದೆ ಪಾರಾದದ್ದೇ ಹೋರಿ. ಅಂಥದ್ದಕ್ಕೆ ಅಭಿಮಾನಿಗಳ ದಂಡು, ಬ್ಯಾನರು, ಮೈಕಿನಲ್ಲಿ ಕೂಗಲು ಒಂದು ಹೆಸರು. ಆ ಹೆಸರನ್ನು ಜೂಲದ ಮೇಲೆ ದಪ್ಪಕ್ಷರದಲ್ಲಿ ಹೊಲಿಯುವುದು ಫಕ್ಕೀರವ್ವನ ಕಸುಬು. ಗಂಡ ತೀರಿಕೊಂಡಾಗ ಮೈದುನರು ಹೊಲಿಗೆ ಮಷೀನು ಮಾರಲು ಬಂದರಂತೆ. ಈಕೆ ಅದರ ಮುಂದೆ ಕೂತು ಹೊಲಿಯಲು ಶುರುಮಾಡಿದವಳು ಎದ್ದಿಲ್ಲ. ಓಣಿಯ ಹೆಣ್ಣುಮಕ್ಕಳು ಆಕೆಯ ಕೈಕೆಳಗೆ ವರ್ಷವಿಡೀ ಹೊಲಿದದ್ದು ಹಬ್ಬದ ದಿನಗಳಲ್ಲಿ ಮಾರಿ ಹೋಗಬೇಕು. ಹೋಗಲಿಲ್ಲವೋ, ಮುಂದಿನ ದೀಪಾವಳಿಯ ತನಕ ಅದು ಇಲಿಗಳಿಗೆ ಹಾಸಿಗೆ.

ಆಕೆಯ ವೆಬ್‌ಸೈಟು ಕಟ್ಟಿದ ಗೌಂಡಿ ನಾನು. ಅದು ಹೊಟ್ಟೆಪಾಡಿನ ಕೆಲಸ. ಊರವರ ದನಿ ತೆಗೆದು ಅಣಕಿಸುವುದು ಹುಟ್ಟಿನಿಂದ ಬಂದ ಕೆಲಸ. ಹಾವೇರಿ ಬಸ್ಸಿನ ಕಂಡಕ್ಟರು, ದನದ ಡಾಕ್ಟರು, ನಮ್ಮಪ್ಪ, ಯಾರನ್ನೂ ಬಿಟ್ಟಿಲ್ಲ. ಇದೇ ಕಾರಣಕ್ಕೆ ಹೋರಿ ಹಬ್ಬದಲ್ಲಿ ನನ್ನ ಕೈಗೆ ಮೈಕು ಕೊಡುತ್ತಾರೆ. ಕನ್ಯೆ ನೋಡಲು ಹೋದಲ್ಲಿ ಆ ಹುಡುಗಿ, “ಇವರ ಸ್ವಂತ ದನಿ ಯಾವುದ್ರಿ?” ಎಂದು ಕೇಳಿದಳು. ಥಟ್ಟನೆ ನನಗೂ ನೆನಪಾಗಲಿಲ್ಲ. ಸಂಬಂಧ ಅಲ್ಲಿಗೇ ನಿಂತಿತು. ಫಕ್ಕೀರವ್ವ ನನ್ನನ್ನು ಕರೆಯುತ್ತಿದ್ದದ್ದು ಮಂಗ್ಯಾ ಎಂದು. ನಾನು ಆಕೆಯನ್ನು ಚಿಗವ್ವ ಎಂದು. ಆಕೆಯ ದನಿ ತೆಗೆದರೆ ಮಾತ್ರ ದೂರು ಬರುತ್ತಿತ್ತು: “ಇದು ನಾ ಅಲ್ಲ ತಗಿ. ನಾ ಎಂದ ಇಷ್ಟ ಸಾವಕಾಶ ಮಾತಾಡೇನಿ?”

ಶುರುವಿನಲ್ಲಿ ನೆಟ್ಟಿನಲ್ಲಿ ಮೇಲೆ ಬರುವುದು ಸುಲಭವಿತ್ತು. ಸೈಟಿನ ಕೆಳಗೆ ಬಿಳಿ ಜಾಗದಲ್ಲಿ ಬಿಳಿ ಅಕ್ಷರದಲ್ಲಿ ‘ಹೋರಿ ಜೂಲ ಹೋರಿ ಜೂಲ’ ಎಂದು ಜಪಮಾಲೆಯಂತೆ ತುಂಬಿಬಿಟ್ಟಿದ್ದೆ. ಓದುವವರಿಗೆ ಕಾಣದು, ಹುಡುಕುವ ಯಂತ್ರಕ್ಕೆ ಕಾಣುತ್ತದೆ. ಸೊರಬದಿಂದ, ಶಿಕಾರಿಪುರದಿಂದ ಗಿರಾಕಿಗಳು ಬಂದರು. ನಾನು ಕಾಲರ್ ಎತ್ತಿಕೊಂಡು ಓಡಾಡಿದೆ. ಒಂದು ದಿನ ಯಂತ್ರದ ಕಾಯ್ದೆ ಬದಲಾಯಿತು, ಇಂಥ ಜಪ ಮಾಡಿದವರನ್ನೆಲ್ಲ ಪಾತಾಳಕ್ಕೆ ತಳ್ಳಿತು. ಫಕ್ಕೀರವ್ವನಿಗೆ ವಿಷಯ ತಿಳಿಸಿದೆ. ಆಕೆ ಕತ್ತರಿ ಕೆಳಗಿಟ್ಟಳು.

“ಬಿಳಿ ಬಟ್ಟಿ ಮ್ಯಾಲೆ ಬಿಳಿ ದಾರದಾಗ ಹೊಲದೀ ಅನ್ನು. ನನ್ನ ಹುಡುಗ್ಯಾರು ಹಂಗ ಹೊಲದಿದ್ರ ನಾ ಏನ್ ಮಾಡ್ತಿದ್ದೆ?”

“ಬಿಚ್ಚಸ್ತಿದ್ದಿ.”

“ಮತ್ತ ಬಿಚ್ಚು.”

ಬಿಚ್ಚಿದೆ. ಅದರ ಬದಲು ಚೆಂದದ ಗ್ರಾಂಥಿಕ ಕನ್ನಡದಲ್ಲಿ ‘ನಮ್ಮಲ್ಲಿ ಉತ್ಕೃಷ್ಟ ಗುಣಮಟ್ಟದ ಜೂಲಗಳು ಲಭ್ಯವಿರುತ್ತವೆ’ ಎಂದು ಬರೆದು ಓದಿ ತೋರಿಸಿದೆ. “ಯಾರಿದು ಮಾತಾಡಾಕತ್ತಾರ? ಡಿಸಿ ಸಾಹೇಬ್ರೇನು?” ಎಂದಳು. ಕೊನೆಗೆ ಕಟ್ಟೆಗೆ ಬಂದ ಗಿರಾಕಿಗಳು ಕೇಳುವ ಪ್ರಶ್ನೆಯನ್ನೂ ಆಕೆ ಕೊಡುವ ಜವಾಬನ್ನೂ ಇದ್ದ ಹಾಗೇ ಬರೆದು ಹಾಕಿದೆವು. ‘ಮಳಿ ಬಿದ್ರ ಬಣ್ಣ ಬಿಡತೈತೇನ್ರಿ?’ ‘ಬಿಡಂಗಿಲ್ಲ. ಬಿಟ್ರ ತಗೊಂಡ ಬರ್ರಿ, ನಿಮ್ಮ ಎದುರಿಗೇ ಸುಡತೇನಿ.’ ‘ಹೋರಿ ತೋಯ್ದ ಮ್ಯಾಲೆ ಜಾರತೈತೇನ್ರಿ?’ ‘ಜಾರತೈತಿ. ಒಳಗ ಅರಬಿ ಅಸ್ತರ ಹಚ್ಚಿಸ್ಕೊಳ್ರಿ ಅಂದ್ರ ನೀವು ಕೇಳಂಗಿಲ್ಲ.’ ಜನ ಫೋನಿಗೆ ಕೇಳುತ್ತಿದ್ದದ್ದೂ ಇದೇ ಮಾತಿನಲ್ಲಿ. ಸೈಟು ಪಾತಾಳದಿಂದ ಮೇಲೆ ಬಂತು. ನನ್ನ ಕಾಲರ್ ಈ ಸಲ ಕೆಳಗೇ ಇತ್ತು.

ಇನ್ನೊಂದು ಕಾಯ್ದೆ ಬಂತು: ಗಿರಾಕಿಗಳು ತಾವೇ ಬರೆದು ಹೊಗಳಿದ ಅಂಗಡಿಗೆ ಮ್ಯಾಪಿನಲ್ಲಿ ಮೇಲಿನ ಜಾಗ. ಫಕ್ಕೀರವ್ವ ಜೂಲ ಒಯ್ಯಲು ಬಂದ ಹುಡುಗರನ್ನೆಲ್ಲ ಹಿಡಿದು ನಿಲ್ಲಿಸಿ, “ಬಾಯಿಲೆ ಚೊಲೊ ಐತಿ ಅಂದ್ರ ಸಾಕಾಗಂಗಿಲ್ಲಂತ. ಬರದ ಹೋಗ್ರಿ” ಎಂದಳು. ಹುಡುಗರು ಪ್ರೀತಿಯಿಂದ ಬರೆದರು. ಆದರೆ ನಮ್ಮ ಹುಡುಗರ ಫೋನಿನಲ್ಲಿ ಖಾತೆ ಇರುವುದು ಹೋರಿಯ ಹೆಸರಿನಲ್ಲಿ, ಫೋಟೋ ಹೋರಿಯದು, ಹುಟ್ಟುಹಬ್ಬವೂ ಹೋರಿಯದು. ಶಿಗ್ಗಾವಿ ಸಿಡಿಲು ಬರೆದಿತ್ತು: ‘ನನ್ನ ಡುಬ್ಬಕ್ಕ ಅಳತಿ ಹಿಡದಂಗ ಕುಂತೈತಿ.’ ಹಿರೇಕೆರೂರ ರಾಕೆಟ್ ಬರೆದಿತ್ತು: ‘ಹ್ವಾದ ವರ್ಷದ್ದು ಚುಚ್ಚತಿತ್ತು, ಇದು ಚುಚ್ಚಂಗಿಲ್ಲ.’ ಸವಣೂರ ನವಾಬ್ ಅಂತೂ, ‘ನಮ್ಮ ಮಾಲಕಗಿಂತ ನನಗ ಚೊಲೊ ಬಟ್ಟಿ’ ಎಂದು ಮಾಲಕನ ಮಾನವನ್ನೇ ತೆಗೆದಿತ್ತು. ಎಲ್ಲರದೂ ಐದೈದು ನಕ್ಷತ್ರ.

ಬರೀ ದನಗಳೇ ಹೊಗಳಿದ ಅಂಗಡಿಯನ್ನು ಯಂತ್ರವಾದರೂ ಹೇಗೆ ನಂಬೀತು? ಎಲ್ಲ ಖೊಟ್ಟಿ ಎಂದು ತೀರ್ಮಾನಿಸಿ ಹೊಗಳಿಕೆ ಅಳಿಸಿತು, ಅಂಗಡಿಯನ್ನು ಮ್ಯಾಪಿನಿಂದಲೇ ಎತ್ತಿಬಿಟ್ಟಿತು. ಅದೇ ಹೊತ್ತಿಗೆ ಹುಡುಕುವ ರೀತಿಯೂ ಬದಲಾಗಿತ್ತು. ಮೊದಲು ಏನಾದರೂ ಕೇಳಿದರೆ ಸೈಟುಗಳ ಸಾಲು ಬರುತ್ತಿತ್ತು. ಈಗ ಯಂತ್ರ ಎಲ್ಲರದನ್ನೂ ಓದಿ ತಾನೇ ಜವಾಬು ಹೇಳತೊಡಗಿತ್ತು. ನಾನು ಮಂದಿಯ ದನಿ ತೆಗೆದರೆ ಮಿಮಿಕ್ರಿ, ಅದು ತೆಗೆದರೆ ಜ್ಞಾನ. ಅದು ಹೇಳಿದ್ದು ಇಷ್ಟು: ‘ಈ ಅಂಗಡಿ ಶಾಶ್ವತವಾಗಿ ಮುಚ್ಚಿರುವಂತೆ ತೋರುತ್ತದೆ.’

ದೀಪಾವಳಿ ಬಾಗಿಲಿಗೆ ಬಂದಿತ್ತು. ಕಪಾಟು ಜೂಲಗಳಿಂದ ತುಂಬಿತ್ತು. ಹತ್ತಿಮತ್ತೂರಿನ ಹಳೇ ಗಿರಾಕಿಯೊಬ್ಬರು ಫೋನು ಹಚ್ಚಿದರು.

“ಅಂಗಡಿ ಮುಚ್ಚಿದ್ರಂತಲ್ರಿ, ಭಾಳ ಕೆಟ್ಟ ಅನಸ್ತು.”

“ಯಾರ ಹೇಳಿದ್ರು?”

“ಫೋನ್ ಹೇಳ್ತರಿ.”

“ಈಗ ಫೋನ್ ಎತ್ತಿದಾಕಿ ಯಾರು? ನನ್ನ ದೆವ್ವೇನು?”

ನಾನು ಯಂತ್ರ ನಡೆಸುವ ಕಂಪನಿಯವರಿಗೆ ಅರ್ಜಿ ಮೇಲೆ ಅರ್ಜಿ ಹಾಕಿದೆ. ಅತ್ತಲಿಂದ ಪ್ರತಿ ಸಲ ಒಂದೇ ವಿನಯದ ಉತ್ತರ: ‘ಹೊಗಳಿಕೆ ಬರೆದವರು ಮನುಷ್ಯರಲ್ಲ.’ ಹುಡುಗರಿಗೆ ಹೇಳಿ ಸ್ವಂತ ಹೆಸರಿನಲ್ಲಿ ಬರೆಸೋಣ ಚಿಗವ್ವ ಎಂದೆ. ಆಕೆ ಒಪ್ಪಲಿಲ್ಲ. “ಹೋರಿ ಹೆಸರು ಸುಳ್ಳೇನು? ಆ ಹುಡುಗನ ಹೆಸರು ಅವರ ಓಣಿಯಾಗ ಗೊತ್ತಿಲ್ಲ. ಸಿಡಿಲು ಅಂದ್ರ ನಾಕೂ ತಾಲೂಕು ಎದ್ದ ನಿಂದರತೈತಿ. ಖರೇ ಹೆಸರು ಅಳಿಸಿ ಯಾರಿಗೂ ಗೊತ್ತಿಲ್ಲದ್ದ ಬರಸ ಅಂತೀಯಲ್ಲ, ನಿನಗ ಬುದ್ಧಿ ಐತೇನೋ?”

ಇದನ್ನೆಲ್ಲ ಮೂಸಿಕೊಂಡು ಹುಬ್ಬಳ್ಳಿಯಿಂದ ಒಬ್ಬ ಏಜೆಂಟ್ ಬಂದ. ಬೂಟು ಹೊಳೆಯುತ್ತಿದ್ದವು. “ಮೇಡಂ, ಸಣ್ಣ ಸೈಟಿನ ಕಾಲ ಮುಗೀತ್ರಿ. ಇನ್ನ ಮ್ಯಾಲೆ ಯಾರೂ ಒಳಗ ಬಂದ ನೋಡಂಗಿಲ್ಲ. ನಿಮ್ಮ ಮಾಲು ನಮ್ಮ ಸೈಟಿನ್ಯಾಗ ಹಾಕ್ತೇವ್ರಿ. ಹೆಸರಷ್ಟ ನಮ್ದು.”

“ಹೆಸರು ನಿಮ್ದಿದ್ರ ಸೂಜೀನೂ ನೀವ ಹಿಡೀರಿ” ಎಂದು ಫಕ್ಕೀರವ್ವ ಸೂಜಿ, ದಾರ, ಒಂದು ಹಿಡಿ ಉಲ್ಲನ್ ಆತನ ತೊಡೆಯ ಮೇಲಿಟ್ಟಳು. “ಕುಂದರ್ರಿ. ಒಂದ ಗೊಂಡೆ ಕಟ್ಟಿ ತೋರಸ್ರಿ, ಆಮ್ಯಾಲೆ ಮಾತಾಡೋಣು.” ಆತ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಬಾಗಿಲು ದಾಟುವ ಮೊದಲೇ ನಾನು ಆತನ ದನಿ ತೆಗೆದಿದ್ದೆ, ಹುಡುಗಿಯರು ನಕ್ಕರು, ಆತ ತಿರುಗಿ ನೋಡಿದ. ನಾನು ಸೀಲಿಂಗ್ ಫ್ಯಾನು ನೋಡಿದೆ.

ನಗು ನಿಂತ ಮೇಲೆ ಒಳಗೆ ಮಷೀನುಗಳ ಸದ್ದೂ ನಿಂತಿತ್ತು. ಆಕೆ ಕಪಾಟಿನ ಕಡೆ ನೋಡುತ್ತ ಕೂತಳು. ಹೊಲಿದವರ ಕೈಗೆ ಏನು ಕೊಡಬೇಕು ಎಂಬುದೇ ಆ ನೋಟ, ಅದನ್ನು ಅಣಕಿಸಲು ನನಗಾಗಲಿಲ್ಲ. ನಾನೊಂದು ಉಪಾಯ ಹೇಳಿದೆ: ಮಾರುವ ಪ್ರತಿ ಜೂಲದ ಮೂಲೆಯಲ್ಲಿ ಅಂಗಡಿಯ ಹೆಸರು ಹೊಲಿಯೋಣ, ಹಬ್ಬದ ವಿಡಿಯೋದಲ್ಲಿ ಜನ ನೋಡುತ್ತಾರೆ. ಫಕ್ಕೀರವ್ವ ಮತ್ತೆ ಮೊದಲಿನ ಫಕ್ಕೀರವ್ವ ಆದಳು. “ಮಂದಿ ಹೋರಿ ಮ್ಯಾಲೆ ನನ್ನ ಹೆಸರಾ? ಹೋರಿ ಬೆನ್ನಿಗೆ ಹೋರಿ ಹೆಸರಷ್ಟ. ಮತ್ತೊಂದ ಹಾಕಿದ್ರ ಅದರ ಮಾನ ಏನ್ ಉಳೀತು?” ಕೆಂಪು ಬಟ್ಟೆಯೊಂದನ್ನು ತೊಡೆಯ ಮೇಲೆ ಎಳೆದುಕೊಂಡಳು. “ನನ್ನ ಹೆಸರು ಓಡಬೇಕಂದ್ರ ನನ್ನ ಹೋರಿ ಬೇಕು.”

ರಟ್ಟೀಹಳ್ಳಿಯಲ್ಲಿದ್ದ ಆಕೆಯ ತಮ್ಮ ಬಸಪ್ಪನ ಹತ್ತಿರ ಎಳೆಯ ಹೋರಿಯೊಂದಿತ್ತು. ಇನ್ನೂ ಅಖಾಡ ಕಂಡಿರಲಿಲ್ಲ. ಪುಕ್ಕಲು ಪ್ರಾಣಿ, ಕುಕ್ಕರ್ ಸೀಟಿಗೂ ಕಟ್ಟಿದ ಕಣ್ಣಿ ಕಿತ್ತುಕೊಳ್ಳುತ್ತಿತ್ತು. ಅದಕ್ಕೆ ಅಂಗಡಿಯದೇ ಹೆಸರು, ‘ಫಕ್ಕೀರವ್ವನ ಜೂಲ’ ಎಂದು ಇಡು ಎಂದು ಆಕೆ ಹೇಳಿದಾಗ ಬಸಪ್ಪ ತಲೆಗೆ ಕೈ ಹೊತ್ತ.

“ಅಕ್ಕಾ, ಹೋರಿಗೆ ಹುಲಿ ಅಂತಾರ, ಸಿಂಹ ಅಂತಾರ. ಜೂಲ ಅಂತ ಯಾರ ಇಡತಾರ? ಮಂದಿ ನಗತಾರ.”

“ನಗಲಿ. ಹುಲಿ ಅಂತ ಹುಡುಕಿದ್ರ ಹುಲಿ ಬರತೈತಿ. ನನ್ನ ಹುಡುಕಿದ್ರ ನಾ ಬರಬೇಕು.”

ವೆಬ್‌ಸೈಟು ಕಟ್ಟುವ ನಾನು ಆ ಮಾತನ್ನು ಕೇಳಿಸಿಕೊಂಡು ಕೂತುಬಿಟ್ಟೆ. ‘ಹೋರಿ ಜೂಲ’ ಎಂದು ಹುಡುಕಿದವರಿಗೆ ಯಂತ್ರ ಯಾರನ್ನು ಬೇಕಾದರೂ ತೋರಿಸಬಹುದು. ಹೆಸರು ಹಿಡಿದು ಕೇಳಿದರೆ ಅದು ಎಲ್ಲಿಗೆ ಓಡೀತು? ಆದರೆ ಹೆಸರು ಹಿಡಿದು ಕೇಳುವಂತೆ ಮಾಡುವುದು ನನ್ನ ಕಂಪ್ಯೂಟರಿನಿಂದ ಆಗುವ ಕೆಲಸವಾಗಿರಲಿಲ್ಲ.

ಹಬ್ಬದ ಮೊದಲ ಓಟಕ್ಕೆ ಹಿರೇಕೆರೂರ ಬದಿಯ ಊರಿಗೆ ಹೋದೆವು. ಆಕೆ ಹೊಲಿದ ಕೆಂಪು ಜೂಲದ ಮೇಲೆ ಆಕೆಯದೇ ಹೆಸರು. ಮೈಕು ನನ್ನ ಕೈಯಲ್ಲಿತ್ತು. ಕಂಡಕ್ಟರನ ದನಿಯಲ್ಲಿ ಕೂಗಿದೆ: “ಹಿಂದ ಸರೀರಿ, ಹಿಂದ ಸರೀರಿ, ಫಕ್ಕೀರವ್ವನ ಜೂಲ ಬರಾಕತ್ತೈತಿ! ಸ್ಟಾಪ್ ಇಲ್ಲ!” ದನದ ಡಾಕ್ಟರ ದನಿಯಲ್ಲಿ: “ಬಿಪಿ ಹೆಚ್ಚೈತಿ, ಯಾರೂ ಮುಟ್ಟಬ್ಯಾಡ್ರಿ!” ಜನ ನಕ್ಕರು. ಪಟಾಕಿ ಸಿಡಿಯಿತು. ಆ ಪುಕ್ಕಲು ಹೋರಿಗೆ ಅಷ್ಟೇ ಸಾಕಿತ್ತು. ಜೀವ ಉಳಿದರೆ ಸಾಕೆಂದು ಗೆರೆ ಎಳೆದಂತೆ ನೆಟ್ಟಗೆ ಓಡಿತು. ಕೊಬ್ಬರಿ ಹಾರದ ಒಂದು ಗಿಟುಕೂ ಯಾರ ಕೈಗೆ ಸಿಗಲಿಲ್ಲ. ಅಖಾಡ ದಾಟಿತು, ಊರು ದಾಟಿತು, ಕಬ್ಬಿನ ಗದ್ದೆಯಲ್ಲಿ ಮಾಯವಾಯಿತು. ಬಸಪ್ಪ ಕಣ್ಣಿ ಹಿಡಿದು ಅದರ ಹಿಂದೆ ಓಡಿದ್ದೂ ವಿಡಿಯೋದಲ್ಲಿ ಬಂತು. ಫಕ್ಕೀರವ್ವ ಟ್ರ್ಯಾಕ್ಟರಿನ ಮೇಲೆ ನಿಂತು ಕೂಗುತ್ತಿದ್ದಳು, “ಯಾಂವ ಅಂದಾಂವ, ಮುಚ್ಚೈತಿ ಅಂತ?”

ಆ ವಿಡಿಯೋ ನೋಡಿ, ಯಾರದಿದು ಹೋರಿ ಎಂದು ನಾಲ್ಕೂ ತಾಲೂಕಿನ ಹುಡುಗರು ಹೆಸರು ಹಿಡಿದು ಹುಡುಕಿದರು. ಹುಡುಕಿದವರಿಗೆ ಸೈಟು ಸಿಕ್ಕಿತು, ನಂಬರು ಸಿಕ್ಕಿತು. ಹಬ್ಬ ಊರಿಂದೂರಿಗೆ ಹೋದಂತೆ ಕಪಾಟು ಖಾಲಿಯಾಗುತ್ತ ಬಂತು. ಒಂದು ದಿನ ಯಂತ್ರವನ್ನು ಕೇಳಿದೆ. ಅದು ಗಂಭೀರವಾಗಿ ಹೇಳಿತು: ‘ಫಕ್ಕೀರವ್ವನ ಜೂಲ ಹಾವೇರಿ ಜಿಲ್ಲೆಯ ಒಂದು ಜನಪ್ರಿಯ ಹೋರಿ. ಇದೇ ಹೆಸರಿನ ಅಂಗಡಿಯೂ ಹಾನಗಲ್ಲಿನಲ್ಲಿದೆ.’ ನಾನು ತಿದ್ದಿಸಲು ಹೊರಟರೆ ಆಕೆ ತಡೆದಳು. “ಹೋರಿ ಅನ್ಲಿ, ಎಮ್ಮಿ ಅನ್ಲಿ. ಮುಚ್ಚೈತಿ ಅನ್ನಬಾರದು.”

ಬರೀ ‘ಹೋರಿ ಜೂಲ’ ಎಂದು ಕೇಳಿದರೆ ನಾವು ಮತ್ತೆಂದೂ ಮೊದಲಿಗೆ ಬರಲಿಲ್ಲ. ಅಲ್ಲಿ ದೊಡ್ಡ ದೊಡ್ಡವರು ಬಂದು ಕೂತಿದ್ದಾರೆ. ಕಾಯ್ದೆ ಆಮೇಲೂ ಬದಲಾಯಿತು, ಬದಲಾಗುತ್ತಲೇ ಇದೆ. ಪ್ರತಿ ಸಲ ನಾನು ಓಡಿಹೋಗಿ ಹೇಳುವುದು, ಆಕೆ ಕತ್ತರಿ ಕೆಳಗಿಟ್ಟು “ಬದಲಾಗಲಿ, ನಾವೇನ್ ಹೊಲ್ಯಾಕ ಮರತೇವೇನು?” ಎನ್ನುವುದು ನಡೆದೇ ಇತ್ತು.

ಕಳೆದ ಬೇಸಿಗೆಯಲ್ಲಿ ಕಟ್ಟಡದ ಮಾಲಕರು ಹಳೇ ಮಳಿಗೆ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತೇವೆ ಎಂದರು. ಫಕ್ಕೀರವ್ವ ರಟ್ಟೀಹಳ್ಳಿಯಲ್ಲಿ ತಮ್ಮನ ಮನೆ ಹತ್ತಿರ ಜಾಗ ಹಿಡಿದಳು. ಮಷೀನು, ಬಟ್ಟೆಗಂಟು ಹೇರಿದ ಟೆಂಪೋ ಅಂಗಡಿಯ ಮುಂದೆ ನಿಂತಿತ್ತು. ನಾನು ಮೆಲ್ಲಗೆ ಹೇಳಿದೆ, “ಚಿಗವ್ವ, ವಿಳಾಸ ಬದಲಾದ್ರ ಅದು ಮತ್ತ ಮುಚ್ಚೈತಿ ಅನ್ನತೈತಿ ನೋಡು. ಈ ಸಲ ಇಲ್ಲಿ ಖರೇನ ಮುಚ್ಚೈತಿ.”

“ಅದು ಅನ್ನೂಕಿಂತ ಮೊದಲ ನಾನ ಅಂತೇನಿ. ತಗಿ ಫೋನು. ಸೈಟಿನ್ಯಾಗ ಎಲ್ಲಾದಕ್ಕಿಂತ ಮ್ಯಾಲೆ ಬರಿ.” ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತುಕೊಂಡೇ ಹೇಳಿದಳು, ನಾನು ರಸ್ತೆಯಲ್ಲಿ ನಿಂತು ಬರೆದೆ: ‘ಹಾನಗಲ್‌ದಾಗಿನ ಅಂಗಡಿ ನಾನ ಮುಚ್ಚೇನಿ. ನಾನ ಮುಚ್ಚೇನಿ. ರಟ್ಟೀಹಳ್ಳಿಯಾಗ ತಗದೇನಿ. ಬರ್ರಿ.’

“ನಾನ ಮುಚ್ಚೇನಿ ಅಂತ ಎರಡ ಸಲ ಯಾಕ ಚಿಗವ್ವ?”

“ಒಂದ ಗಿರಾಕಿಗೆ. ಒಂದ ಅದಕ್ಕ.”

ಟೆಂಪೋ ಹೊರಟಿತು. ಆಮೇಲೆ ಆಕೆಯ ಮುಖ ಕಂಡಿಲ್ಲ; ಸೈಟಿನ ಕೆಲಸ ಫೋನಿನಲ್ಲೇ, ಬೈಗುಳವೂ ಫೋನಿನಲ್ಲೇ. ಮೊನ್ನೆ ಶಿಕಾರಿಪುರದ ಕಡೆಯ ಇಬ್ಬರು ಹುಡುಗರು ಬಂದು ಕೆಡವಿದ ಮಳಿಗೆಯ ಮುಂದೆ ನಿಂತರು. ನಾನು ಚಹಾದಂಗಡಿಯಿಂದ ಎದ್ದು, ಗಂಟಲು ಸರಿ ಮಾಡಿಕೊಂಡು, ದಾರಿ ಹೇಳಲು ಸಜ್ಜಾದೆ. ಅವರು ಫೋನು ನೋಡಿದರು. ಒಬ್ಬ ಚಿಗವ್ವ ಬರೆಸಿದ ಆ ಸಾಲನ್ನು ಜೋರಾಗಿ ಓದಿದ, ಇನ್ನೊಬ್ಬ ನಕ್ಕ. ನನ್ನನ್ನು ಒಂದು ಮಾತೂ ಕೇಳದೆ ಇಬ್ಬರೂ ರಟ್ಟೀಹಳ್ಳಿ ಬಸ್ಸಿಗೆ ಓಡಿದರು.